ತಳದ ಬೇಳೆ ಯಾರ ತಟ್ಟೆಗೆ?

ವಯಸ್ಸಾದವರಿಗೆ ಹಗುರ ಊಟ ಸಾಕು ಅನ್ನುವುದು ನಮ್ಮ ಮನೆಗಳಲ್ಲಿ ಯಾರೂ ಮರುಮಾತಾಡದ ವಿಷಯ. ರಾತ್ರಿ ಬಾಳೆಹಣ್ಣು, ಅರ್ಧ ಲೋಟ ಹಾಲು. ಮಧ್ಯಾಹ್ನ ಅನ್ನಕ್ಕೆ ತಿಳಿ ಸಾರು. ಬೇಳೆಯೆಲ್ಲ ಪಾತ್ರೆಯ ತಳದಲ್ಲೇ ಉಳಿಯುತ್ತದೆ. ಬಸ್ಸಾರು ಮಾಡಿದ ದಿನವೂ ಅಷ್ಟೇ, ಕಾಳಿನ ಪಲ್ಯ ಮಕ್ಕಳಿಗೆ, ಸಾರು ಅಜ್ಜಿಗೆ. ಗ್ಯಾಸ್ ಆಗುತ್ತೆ ಅಂತ ಕಾರಣ ಬೇರೆ. ನನಗೆ ಇದು ಪೂರ್ತಿ ಉಲ್ಟಾ ಅನ್ನಿಸುತ್ತದೆ, ಬೇಳೆ-ಕಾಳಿನ ಪ್ರೋಟೀನ್ ಹೆಚ್ಚು ಬೇಕಾಗಿರುವುದು ವಯಸ್ಸಾದವರಿಗೇ.

2014ರಲ್ಲಿ ವಯಸ್ಸಾಗುವಿಕೆಯ ಸಂಶೋಧಕ ವಾಲ್ಟರ್ ಲಾಂಗೋ ಅವರ ತಂಡದ ಒಂದು ಅಧ್ಯಯನ ದೊಡ್ಡ ಸುದ್ದಿ ಮಾಡಿತ್ತು. ಅಮೆರಿಕದಲ್ಲಿ 50 ದಾಟಿದ 6,381 ಜನರ ಲೆಕ್ಕ ಅದು. 50ರಿಂದ 65ರ ನಡುವಿನವರಲ್ಲಿ ಪ್ರೋಟೀನ್ ಜಾಸ್ತಿ ತಿಂದವರಿಗೆ ಕ್ಯಾನ್ಸರ್ ಸಾವಿನ ಅಪಾಯ ಸುಮಾರು ನಾಲ್ಕು ಪಟ್ಟು. ಮಾಂಸ, ಹಾಲಿನ ಬದಲು ಗಿಡಮೂಲದ ಪ್ರೋಟೀನ್ ಆದರೆ ಆ ಅಪಾಯ ಅಷ್ಟಿಲ್ಲ. ಸುದ್ದಿಯಾಗಿದ್ದು ಇಷ್ಟೇ. ಆದರೆ ಅದೇ ಅಧ್ಯಯನದಲ್ಲಿ 65 ದಾಟಿದವರ ಲೆಕ್ಕ ತಿರುಗಿಬಿದ್ದಿತ್ತು, ಅಲ್ಲಿ ಜಾಸ್ತಿ ತಿಂದವರೇ ಹೆಚ್ಚು ಬದುಕಿದ್ದರು. ಹಾಗಂತ ಇದನ್ನೇ ಕಣ್ಣು ಮುಚ್ಚಿ ನಂಬಬೇಕಿಲ್ಲ, ಒಂದೇ ದಿನದ ಊಟ ಕೇಳಿ ಬರೆದುಕೊಂಡು ಹದಿನೆಂಟು ವರ್ಷದ ಸಾವಿಗೆ ತಾಳೆ ಹಾಕಿದ್ದು ಅದು.

ನನಗೆ ಹೆಚ್ಚು ಒಪ್ಪಿಗೆಯಾಗುವುದು ಸ್ನಾಯುವಿನ ಲೆಕ್ಕ. ವಯಸ್ಸಾದ ಹಾಗೆ ಮೈ ಪ್ರೋಟೀನಿಗೆ ಮಂದವಾಗಿ ಸ್ಪಂದಿಸುತ್ತದೆ. ಇಪ್ಪತ್ತರ ಹುಡುಗನಿಗೆ ಸಾಕಾಗುವಷ್ಟು ತಿಂದರೆ ಎಪ್ಪತ್ತರವರ ಸ್ನಾಯು ಅಷ್ಟು ಬೆಳೆಯುವುದಿಲ್ಲ. ತೊಡೆ ಸೊರಗುತ್ತದೆ, ಬಚ್ಚಲಲ್ಲಿ ಜಾರುತ್ತಾರೆ, ಸೊಂಟದ ಮೂಳೆ ಮುರಿಯುತ್ತದೆ, ಹಾಸಿಗೆ ಹಿಡಿದರೆ ಆಮೇಲೆ ಏಳಿಸುವುದೇ ಕಷ್ಟ. ಅದಕ್ಕೇ ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ವಯಸ್ಕರಿಗೆ ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು ಅಂದರೆ, ವೃದ್ಧರ ಆಹಾರದ ಬಗ್ಗೆ 2013ರಲ್ಲಿ ಕೂತ ಅಂತರರಾಷ್ಟ್ರೀಯ ತಜ್ಞರ ತಂಡ 1ರಿಂದ 1.2 ಗ್ರಾಂ ಬೇಕು ಅಂದಿತು.

50 ಕೆಜಿಯ ಅಮ್ಮನಿಗೆ ಅದು 50-60 ಗ್ರಾಂ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 7, ಒಂದು ಮೊಟ್ಟೆಯಲ್ಲಿ 6, ದೊಡ್ಡ ಲೋಟ ಹಾಲಿನಲ್ಲಿ 6-7, ನೂರು ಗ್ರಾಂ ಒಣ ತೊಗರಿಬೇಳೆಯಲ್ಲಿ 22ರ ಹತ್ತಿರ. ತಿಳಿ ಸಾರಲ್ಲಿ ಇದು ತುಂಬಲ್ಲ, ಅಲ್ವಾ? ಹುರುಳಿಕಾಳನ್ನು ಮೊಳಕೆ ಕಟ್ಟಿ ಮೆತ್ತಗೆ ಬೇಯಿಸಿ, ತೊವ್ವೆ ಗಟ್ಟಿಯಾಗಿ ಮಾಡಿ, ಬೆಳಗ್ಗೆ ಇಡ್ಲಿ ಜೊತೆ ಮೊಟ್ಟೆಯನ್ನೋ ಪನೀರನ್ನೋ ಕೊಡಿ. ಮೂರೂ ಹೊತ್ತಿಗೆ ಹಂಚಿದರೆ ಒಳ್ಳೆಯದು. ಜೊತೆಗೆ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವ ಅಭ್ಯಾಸ ಬೇಕೇ ಬೇಕು, ಸುಮ್ನೆ ತಿಂದರೆ ಸ್ನಾಯು ಬರಲ್ಲ.

ಕಿಡ್ನಿ ತೊಂದರೆ ಇದ್ದವರಿಗೆ ಮಾತ್ರ ಈ ಲೆಕ್ಕ ಬೇಡ. ಶುಗರ್, ಬಿಪಿ ಇದ್ದರೆ ಮೊದಲು ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿ, ಡಾಕ್ಟರನ್ನು ಕೇಳಿಯೇ ಪ್ರೋಟೀನ್ ಹೆಚ್ಚಿಸಿ.