ಹಲಸಿನ ಕೊಂಬೆ ಮತ್ತು ಚಂದನ
ನಿನ್ನೆ ಮಧ್ಯಾಹ್ನ ಮಳೆ ಹೊಳವಾದ ಕೂಡಲೇ ತಾರಸಿ ಹತ್ತಿದೆ. ವಾರದಿಂದ ಅಮ್ಮನಿಗೆ ಚಂದನ ವಾಹಿನಿ ಸಿಗುತ್ತಿರಲಿಲ್ಲ. ಡಿಡಿ ಫ್ರೀ ಡಿಶ್‌ನ ಉಪಗ್ರಹ ಜಿಸ್ಯಾಟ್-15 ಇರುವುದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ. ನಮ್ಮ ಸಾಗರದಿಂದ ನೋಡಿದರೆ ಆಗ್ನೇಯ ದಿಕ್ಕು, ಚೆನ್ನಾಗಿ ಎತ್ತರಕ್ಕೆ. ಸರಿಯಾಗಿ ಅಲ್ಲಿಗೇ ಹಲಸಿನ ಕೊಂಬೆ ಚಾಚಿಕೊಂಡಿತ್ತು. ಎಲೆ ಒದ್ದೆಯಾದರಂತೂ ಸಿಗ್ನಲ್ ಇನ್ನೂ ಜಾಸ್ತಿ ತಿನ್ನುತ್ತದೆ.

ಕೊಂಬೆ ಕಡಿದೆ. ಬೋಲ್ಟ್ ಸಡಿಲಿಸಿ ಡಿಶ್ಶನ್ನು ಒಂದು ಕೂದಲೆಳೆಯಷ್ಟು ತಿರುಗಿಸಿದೆ. ಒಳಗಿಂದ ಅಮ್ಮನ ಕೂಗು: "ಬಂತು... ಹೋಯ್ತು... ಹಾಂ ಬಂತು ಮಾರಾಯ, ಅಲ್ಲೇ ಬಿಡು!"

ಸುಮಾರು 36,000 ಕಿಲೋಮೀಟರ್ ದಾಟಿ ಬಂದದ್ದು ಕೊನೆಗೆ ನಮ್ಮನೆ ಹಲಸಿನ ನಾಲ್ಕು ಎಲೆಗೆ ತಡೆದು ನಿಂತಿತ್ತು ಅಲ್ವಾ! ಸ್ಪ್ಯಾನರ್ ಹಿಡಿದುಕೊಂಡು ಸುಮ್ನೆ ಆಕಾಶ ನೋಡುತ್ತಾ ನಿಂತೆ. ಕೆಳಗಿಳಿಯುವಷ್ಟರಲ್ಲಿ ಅಮ್ಮ ಹೂಬತ್ತಿ ಹೊಸೆಯುತ್ತಾ ವಾರ್ತೆ ಕೇಳುತ್ತಿದ್ದರು.