13 ಜೆರ್ಸಿಗಳ ಆಟಗಾರ

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ ಪಂದ್ಯಗಳು ಬಳ್ಳಾರಿಯಲ್ಲಿ ನಮಗೆ ಬೆಳಗಿನ ಹೊತ್ತು ಸಿಗುವುದರಿಂದ, ಒಗ್ಗರಣೆ ಮಿರ್ಚಿ ತಿನ್ನುತ್ತ ಒಂದೆರಡು ಕ್ವಾರ್ಟರ್ (ಪಂದ್ಯದ ಕಾಲುಭಾಗ) ನೋಡಿ ಕಚೇರಿಗೆ ಹೊರಡುವುದು ನನ್ನ ರೂಢಿ. ಗೆಳೆಯರೆಲ್ಲ ತಾರಾ ಆಟಗಾರ ಸ್ಟೆಫ್ ಕರಿಯ ಆಟಕ್ಕೆ ಕಾದು ಕೂತರೆ, ನನ್ನ ಕುತೂಹಲವೆಲ್ಲ ಇಶ್ ಸ್ಮಿತ್ ಅವರ ಮೇಲಿತ್ತು. 2010ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಸುತ್ತುಗಳು) ಯಾವ ತಂಡವೂ ಆರಿಸದ, ಆರಡಿ ಎತ್ತರದ ಈ ಪಾಯಿಂಟ್ ಗಾರ್ಡ್ (ಚೆಂಡನ್ನು ಮುಂದೊಯ್ದು ಆಟ ನಡೆಸುವವರು) ಮುಂದೆ 13 ತಂಡಗಳಿಗೆ ಆಡಿ, ಅಲ್ಲಿಯವರೆಗಿನ 12 ತಂಡಗಳ ದಾಖಲೆಯನ್ನು ಮುರಿದರು.

ಹೀಗೆ ಊರೂರು ಅಲೆಯುವವರನ್ನು ಯಾರಿಗೂ ಬೇಡವಾದವರೆಂದು ತಿಳಿಯುವುದುಂಟು. ನನಗೆ ಅದು ತಿರುವುಮುರುವಾಗಿ ಕಾಣುತ್ತದೆ. 2015ರ ಡಿಸೆಂಬರ್‌ನಲ್ಲಿ, 31 ಪಂದ್ಯಗಳಲ್ಲಿ ಒಂದನ್ನಷ್ಟೇ ಗೆದ್ದಿದ್ದ ಫಿಲಡೆಲ್ಫಿಯಾ ತಂಡವು ಹಿಂದಿನ ಋತುವಿನಲ್ಲಿ ತನ್ನಲ್ಲೇ ಆಡಿದ್ದ ಸ್ಮಿತ್ ಅವರನ್ನು ನ್ಯೂ ಆರ್ಲಿಯನ್ಸ್‌ನಿಂದ ಮರಳಿ ಪಡೆಯಲು ಎರಡನೇ ಸುತ್ತಿನ ಎರಡು ಡ್ರಾಫ್ಟ್ ಅವಕಾಶಗಳನ್ನು ತೆತ್ತಿತು. ಬೇಡವಾದವನಿಗೆ ಯಾರೂ ಬೆಲೆ ಕೊಡುವುದಿಲ್ಲ. ಇಂಥವರ ಕೆಲಸವನ್ನು ಎರಡನೇ ಕ್ವಾರ್ಟರ್‌ನ ಆರಂಭದಲ್ಲಿ ನೋಡಬೇಕು: ಮುಖ್ಯ ಆಟಗಾರ ಬೆಂಚಿಗೆ ಹೋಗಿರುವಾಗ ಚೆಂಡನ್ನು ಕಳೆದುಕೊಳ್ಳದೆ ಮುಂದೊಯ್ದು, ನಿನ್ನೆಯಷ್ಟೇ ಪರಿಚಯವಾದ ನಾಲ್ವರನ್ನು ಅವರವರ ಜಾಗಕ್ಕೆ ನಿಲ್ಲಿಸಿ, ಅಂಕಗಳ ಅಂತರ ಬೆಳೆಯದಂತೆ ಕಾಯಬೇಕು. ಹೊಸ ತಂಡದ ತಂತ್ರಗಳನ್ನು ಒಂದೆರಡು ದಿನದಲ್ಲಿ ಬಾಯಿಪಾಠ ಮಾಡಿಕೊಳ್ಳದವನಿಗೆ ಇದು ಸಾಧ್ಯವಿಲ್ಲ.

ಈ ಬದುಕಿನಲ್ಲಿ ಭದ್ರತೆ ಕಡಿಮೆ. ತಂಡಗಳು ಆಟಗಾರನ ಒಪ್ಪಿಗೆ ಕೇಳದೆಯೇ ಅವನನ್ನು ಒಪ್ಪಂದ ಸಮೇತ ಇನ್ನೊಂದು ತಂಡಕ್ಕೆ ದಾಟಿಸಬಹುದು. ಹತ್ತು ದಿನಗಳ ಒಪ್ಪಂದವೆಂಬುದೂ ಇದೆ. ಒಂದೇ ತಂಡವು ಒಬ್ಬನಿಗೆ ಒಂದು ಋತುವಿನಲ್ಲಿ ಅದನ್ನು ಎರಡು ಬಾರಿ ಮಾತ್ರ ಕೊಡಬಹುದು, ಆಮೇಲೆ ಋತುವಿನ ಕೊನೆಯವರೆಗೆ ಉಳಿಸಿಕೊಳ್ಳಬೇಕು, ಇಲ್ಲವೇ ಕೈಬಿಡಬೇಕು. ಸ್ಮಿತ್ ಅವರ 13ನೇ ತಂಡವಾದ ಡೆನ್ವರ್ 2023ರಲ್ಲಿ ಚಾಂಪಿಯನ್ ಆಯಿತು. ಪ್ಲೇಆಫ್‌ನಲ್ಲಿ ಅವರು ಅಂಗಳಕ್ಕಿಳಿದದ್ದು ಕೆಲವೇ ನಿಮಿಷ. (ಚಾಂಪಿಯನ್ ತಂಡಕ್ಕೆ ಸಿಗುವ ಉಂಗುರ ಮಾತ್ರ ಎಲ್ಲರಿಗೂ ಒಂದೇ!)

ನಮ್ಮೂರಲ್ಲಿ ಬಿಸಿಲಿಳಿದ ಮೇಲೆ ಸಿಮೆಂಟಿನ ಅಂಗಳದಲ್ಲಿ ಲೇ-ಅಪ್ ಅಭ್ಯಾಸ ಮಾಡುವ ಹುಡುಗರ ಗುರಿಯೇ ಬೇರೆ. ಕ್ರೀಡಾ ಕೋಟಾದಲ್ಲಿ ರೈಲ್ವೆಯಲ್ಲೋ ಬ್ಯಾಂಕಿನಲ್ಲೋ ನೌಕರಿ ಸಿಕ್ಕರೆ ಆ ತಂಡಕ್ಕೇ ಆಡಿ, ಆಟ ಬಿಟ್ಟ ಮೇಲೆ ಅಲ್ಲಿಯೇ ಮೇಜಿನ ಕೆಲಸ ನೋಡಿಕೊಳ್ಳಬಹುದೆಂಬ ಲೆಕ್ಕ ಅವರದು. ಮನೆಯವರಿಗೆ ಅದು ನೆಮ್ಮದಿಯ ದಾರಿ, ನಾನೂ ಅದನ್ನು ಹಗುರವಾಗಿ ಕಾಣುವುದಿಲ್ಲ. ಆದರೆ ನೌಕರಿ ಸಿಗದ ಒಳ್ಳೆಯ ಗಾರ್ಡ್ ಒಬ್ಬ ಇಪ್ಪತ್ತೆರಡಕ್ಕೇ ಆಟ ನಿಲ್ಲಿಸಿಬಿಡುತ್ತಾನೆ, ಏಕೆಂದರೆ ಅವನನ್ನು ಹತ್ತು ದಿನದ ಮಟ್ಟಿಗಾದರೂ ಕರೆದು ನೋಡುವ ಎರಡನೆಯ ತಂಡ ನಮ್ಮಲ್ಲಿಲ್ಲ.