ಸುಬೇದಾರರಿಗೆ ಬುದ್ಧಿ ಹೇಳಿದ ಭಾನುವಾರ

ಮಡಿಕೇರಿಯಿಂದ ಸಂಪಾಜೆಗೆ ಸೈಕಲ್‌ನಲ್ಲಿ ಇಳಿಯುವುದೆಂದರೆ ತುಳಿಯುವ ಕೆಲಸ ಕಡಿಮೆ, ಬ್ರೇಕ್ ಹಿಡಿಯುವ ಕೆಲಸ ಜಾಸ್ತಿ. ತಾಳತ್‌ಮನೆ, ಮದೆನಾಡು, ಜೋಡುಪಾಲ, ದೇವರಕೊಲ್ಲಿ, ಕೊಯನಾಡು ಅಂತ ಊರುಗಳು ತಾವಾಗಿಯೇ ಬಂದು ಹೋಗುತ್ತವೆ. ವಾಪಸ್ ಹತ್ತುವಾಗ ಅದೇ ಊರುಗಳು ಎಷ್ಟು ತುಳಿದರೂ ಬರುವುದಿಲ್ಲ. ಆದರೂ ನಮ್ಮ ಭಾನುವಾರದ ಗುಂಪಿಗೆ ಈ ದಾರಿಯೇ ಇಷ್ಟ. ಮೈಸೂರು ಕಡೆಗೆ ಹೋದರೆ ಸುಂಟಿಕೊಪ್ಪ ದಾಟಿದ ಮೇಲೆ ಆನೆಕಾಡು ಸಿಗುತ್ತದೆ. ಬೆಳಗಿನ ಮಂಜಿನಲ್ಲಿ ಅಲ್ಲಿ ಸೈಕಲ್ ಹೊಡೆಯುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ.

ಗುಂಪು ಅಂದರೆ ದೊಡ್ಡದೇನಲ್ಲ. ಒಬ್ಬರು ಕಾಫಿ ತೋಟದ ಲೆಕ್ಕ ಬರೆಯುವ ರೈಟರ್, ಒಬ್ಬರು ಹೋಂಸ್ಟೇ ನಡೆಸುವವರು, ಒಬ್ಬರು ಬ್ಯಾಂಕಿನವರು, ಔಷಧಿ ಅಂಗಡಿಯ ನಾನು, ಪಿಯುಸಿ ಓದುವ ಒಬ್ಬ ಹುಡುಗ. ಮತ್ತೆ ಸುಬೇದಾರರು. ಅವರ ಹೆಸರು ಹಿಡಿದು ನಾವು ಯಾರೂ ಕರೆಯುವುದಿಲ್ಲ. ಸೈನ್ಯದಿಂದ ನಿವೃತ್ತರಾಗಿ ಬಂದು, ಅರವತ್ತು ದಾಟಿದ ಮೇಲೂ ನಮಗಿಂತ ಮುಂದೆ ಹತ್ತುವವರು. ಪಂಕ್ಚರ್ ಹಾಕುವುದು, ಏರಿನಲ್ಲಿ ಯಾವಾಗ ಗೇರ್ ಇಳಿಸಬೇಕು, ಇಳಿಜಾರಿನಲ್ಲಿ ಮುಂದಿನ ಬ್ರೇಕ್ ಎಷ್ಟು ಒತ್ತಬೇಕು, ಎಲ್ಲವನ್ನೂ ಕಲಿಸಿದವರು ಅವರೇ. ಕೊಡಗಿನಲ್ಲಿ ಹಿರಿಯರೆಂದರೆ ಬಗ್ಗಿ ಕಾಲು ಮುಟ್ಟುವ ಪದ್ಧತಿ. ಹಿರಿಯರ ಜೊತೆಗೆ ಮಾಜಿ ಸೈನಿಕರೂ ಆಗಿಬಿಟ್ಟರೆ ಎದುರು ಮಾತಾಡುವುದು ಇನ್ನೂ ಕಷ್ಟ. ಇಂಥವರು ರಸ್ತೆ ನಿಯಮ ಮುರಿದರೆ ಹೇಳುವುದು ಯಾರು?

ಅವರು ಮುರಿಯುತ್ತಿದ್ದದ್ದು ಒಂದೇ ನಿಯಮ. ಘಟ್ಟ ಇಳಿಯುವಾಗ ಬಲಕ್ಕೆ ತಿರುಗುವ ತಿರುವುಗಳನ್ನು ಒಳಗಿನಿಂದ ಕತ್ತರಿಸುತ್ತಿದ್ದರು. ಅಂದರೆ ಎಡಬದಿ ಬಿಟ್ಟು, ನಡುವಿನ ಗೆರೆ ದಾಟಿ, ಎದುರಿನಿಂದ ಬರುವವರ ಪಾಲಿನ ರಸ್ತೆಗೆ ಹೋಗಿ, ತಿರುವು ಮುಗಿದ ಮೇಲೆ ಮತ್ತೆ ಎಡಕ್ಕೆ. ಹೀಗೆ ಹೋದರೆ ತಿರುವು ನೇರವಾದ ಹಾಗೆ ಆಗುತ್ತದೆ, ಬ್ರೇಕ್ ಹಿಡಿಯಬೇಕಾಗಿಲ್ಲ, ವೇಗ ಕಳೆಯುವುದಿಲ್ಲ. ಟಿವಿಯಲ್ಲಿ ಟೂರ್ ಡಿ ಫ್ರಾನ್ಸ್ ನೋಡಿದವರಿಗೆ ಇದು ಚೆನ್ನಾಗಿ ಗೊತ್ತು. ಆದರೆ ಅಲ್ಲಿ ರೇಸ್‌ಗಾಗಿ ರಸ್ತೆಯನ್ನೇ ಮುಚ್ಚಿರುತ್ತಾರೆ. ಜೋಡುಪಾಲದ ರಸ್ತೆಯನ್ನು ನಮಗಾಗಿ ಯಾರೂ ಮುಚ್ಚುವುದಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮುಚ್ಚಿದ್ದು ಬೇರೆ ಮಾತು.

ಆ ದಿನ ನಮ್ಮ ಸುಗ್ಗಿ ಹಬ್ಬ ಪುತ್ತರಿ ಕಳೆದು ಸ್ವಲ್ಪ ದಿನವಾಗಿತ್ತು. ಅರೇಬಿಕಾ ಕುಯ್ಲು ಶುರುವಾಗಿತ್ತು. ಕುಯ್ಲಿನ ಕಾಲದಲ್ಲಿ ಬೆಳಿಗ್ಗೆ ಬೆಳಿಗ್ಗೆಯೇ ಪಿಕಪ್‌ಗಳು ಕೆಲಸದವರನ್ನು ತುಂಬಿಕೊಂಡು ತೋಟಗಳಿಗೆ ಹೊರಟಿರುತ್ತವೆ. ಭಾನುವಾರ ಅಂತ ಹಣ್ಣು ಕಾಯುವುದಿಲ್ಲವಲ್ಲ. ಮಂಜು ಪೂರ್ತಿ ಎದ್ದಿರಲಿಲ್ಲ. ರಸ್ತೆ ಒದ್ದೆ.

ಮದೆನಾಡು ದಾಟಿದ ಮೇಲೆ ಸುಬೇದಾರರು ಎಂದಿನಂತೆ ಮುಂದೆ ಹೋದರು. ಅವರ ಹಿಂದೆ ಹುಡುಗ. ಬಾತುಕೋಳಿ ಮರಿ ತಾಯಿಯ ಹಿಂದೆ ಹೋಗುವ ಹಾಗೆ ಅವನು ಸುಬೇದಾರರ ಹಿಂದೆ ಹೋಗುತ್ತಾನೆ. ಅವರು ಬಗ್ಗಿದರೆ ಬಗ್ಗುತ್ತಾನೆ, ನೀರು ಕುಡಿದರೆ ಕುಡಿಯುತ್ತಾನೆ. ಒಂದು ಬಲತಿರುವಿನಲ್ಲಿ ಸುಬೇದಾರರು ಗೆರೆ ದಾಟಿ ಒಳಗಿನಿಂದ ಹೋದರು, ಏನೂ ಆಗಲಿಲ್ಲ. ಹುಡುಗನೂ ಅದೇ ಜಾಗದಲ್ಲಿ ಗೆರೆ ದಾಟಿದ. ಅಷ್ಟರಲ್ಲಿ ತಿರುವಿನ ಆ ಕಡೆಯಿಂದ ಪಿಕಪ್ ಬಂತು. ಹಾರ್ನ್, ಬ್ರೇಕ್, ಹಿಂದೆ ನಿಂತಿದ್ದ ಹೆಂಗಸರ ಕೂಗು, ಎಲ್ಲ ಒಟ್ಟಿಗೆ ಕೇಳಿಸಿತು. ಹುಡುಗ ಹೇಗೋ ಎಡಕ್ಕೆ ಎಳೆದುಕೊಂಡು ಪಾರಾದ. ಸೈಕಲ್‌ಗೆ ಒಂದು ಗೀರೂ ಬೀಳಲಿಲ್ಲ.

ಸುಬೇದಾರರಿಗೆ ಇದ್ಯಾವುದೂ ಗೊತ್ತೇ ಆಗಲಿಲ್ಲ. ಅವರು ಆಗಲೇ ಮುಂದಿನ ತಿರುವಿನಲ್ಲಿದ್ದರು.

ಬೈಸಿಕೊಂಡವನು ನಾನು. ಪಿಕಪ್‌ನವನ ಕೈಗೆ ಸಿಕ್ಕಿದ್ದು ಹಿಂದೆ, ನನ್ನ ಪಾಡಿಗೆ ಎಡಬದಿಯಲ್ಲಿ ಬರುತ್ತಿದ್ದ ನಾನೇ. "ಎಂತ, ಸಾಯ್ಲಿಕ್ಕೆ ಬರೋದಾ ನೀವೆಲ್ಲ?" ಅಂದ. ಆಮೇಲೆ ಗಾಡಿ ಎತ್ತುವ ಮುಂಚೆ ಕೊಡಗಿನಲ್ಲಿ ಎಲ್ಲರೂ ಕೇಳುವ ಪ್ರಶ್ನೆಯನ್ನೂ ಕೇಳಿದ: "ಆ ಹುಡುಗ ಯಾರ ಮನೆಯವನು?"

ಉಳಿದ ದಾರಿಯುದ್ದಕ್ಕೂ ನಾನು ತಲೆಯಲ್ಲೇ ಲೆಕ್ಕ ಹಾಕಿದೆ. ಔಷಧಿ ಅಂಗಡಿಯವನಿಗೆ ಲೆಕ್ಕದ ಚಾಳಿ. ಇಳಿಜಾರಿನಲ್ಲಿ ನಾವು ಗಂಟೆಗೆ 45 ಕಿಲೋಮೀಟರ್ ವೇಗದಲ್ಲಿದ್ದೆವು ಅಂತಿಟ್ಟುಕೊಳ್ಳಿ, ಅದು ಸೆಕೆಂಡಿಗೆ ಹನ್ನೆರಡೂವರೆ ಮೀಟರ್. ಹತ್ತಿ ಬರುವ ಪಿಕಪ್ 27 ಕಿಲೋಮೀಟರ್ ವೇಗದಲ್ಲಿದ್ದರೆ ಸೆಕೆಂಡಿಗೆ ಏಳೂವರೆ. ಎರಡೂ ಸೇರಿ 20. ತಿರುವಿನಲ್ಲಿ 40 ಮೀಟರ್ ದೂರ ಕಂಡರೆ ಕೈಯಲ್ಲಿರುವುದು ಎರಡೇ ಸೆಕೆಂಡು. ನೋಡಿ, ಅರ್ಥ ಮಾಡಿಕೊಂಡು, ಬೆರಳು ಬ್ರೇಕಿಗೆ ಹೋಗುವಷ್ಟರಲ್ಲಿ ಅದರಲ್ಲಿ ಒಂದು ಸೆಕೆಂಡು ಮುಗಿದಿರುತ್ತದೆ. ಹುಡುಗನದ್ದು ಹಳೇ ಸೈಕಲ್, ರಿಮ್ಮನ್ನು ಹಿಡಿಯುವ ರಬ್ಬರ್ ಬ್ರೇಕ್. ಒದ್ದೆ ರಿಮ್ಮಿನ ಮೇಲೆ ಅದು ಮೊದಲು ನೀರು ಒರೆಸುತ್ತದೆ, ಆಮೇಲೆ ಹಿಡಿಯುತ್ತದೆ. ಸುಬೇದಾರರದ್ದು ಡಿಸ್ಕ್ ಬ್ರೇಕ್. ಅವರಿಗೆ ದಕ್ಕುವ ತಿರುವು ಇವನಿಗೆ ದಕ್ಕುವುದಿಲ್ಲ.

ನನಗೆ ಅವತ್ತು ಹೊಳೆದದ್ದು ಇದೇ. ಗುಂಪಿನಲ್ಲಿ ಮುಂದಿನವನು ನಿಯಮ ಮುರಿದರೆ ಪೆಟ್ಟು ಬೀಳುವುದು ಅವನಿಗಲ್ಲ, ಹಿಂದಿನವನಿಗೆ. ಮುಂದಿನವನು ತಿರುವಿನೊಳಗೆ ಇಣುಕಿ ನೋಡಿ ಹೋಗಿರುತ್ತಾನೆ. ಹಿಂದಿನವನು ಮುಂದಿನವನ ಚಕ್ರ ನೋಡಿಕೊಂಡು ಹೋಗುತ್ತಾನೆ.

ಸಂಪಾಜೆ ಎರಡು ಜಿಲ್ಲೆಗೆ ಹಂಚಿಹೋದ ಊರು. ಈ ಕಡೆ ಕೊಡಗು ಸಂಪಾಜೆ, ಆ ಕಡೆ ದಕ್ಷಿಣ ಕನ್ನಡ ಸಂಪಾಜೆ. ನಾವು ಯಾವಾಗಲೂ ನಿಲ್ಲುವ ಹೋಟೆಲಿನಲ್ಲಿ ಕುಳಿತೆವು. ಹುಡುಗ ಮಾತಾಡಲಿಲ್ಲ. ನೀರುದೋಸೆ ಬಂತು. ರೈಟರಿಗೂ ಬ್ಯಾಂಕಿನವರಿಗೂ ನಡೆದದ್ದು ಗೊತ್ತಿತ್ತು, ಇಬ್ಬರೂ ಚಟ್ನಿಯನ್ನೇ ನೋಡುತ್ತಿದ್ದರು. ಕೈತೊಳೆಯಲು ಎದ್ದಾಗ ರೈಟರ್ ನನ್ನ ಕಿವಿಯಲ್ಲಿ, "ಬಿಡಿ ಮಾರಾಯ್ರೇ, ಅವರವರ ಜೀವ ಅವರವರಿಗೆ" ಅಂದರು. ಹೋಂಸ್ಟೇಯವರದ್ದು ಇನ್ನೊಂದು ವಾದ: ಹೇಳಲೇಬೇಕು, ಇಲ್ಲದಿದ್ದರೆ ಸೈಕಲ್‌ನವರ ಹೆಸರು ಕೆಡುತ್ತದೆ. ನನಗೆ ಎರಡೂ ಹಿಡಿಸಲಿಲ್ಲ. ಒಬ್ಬ ಜೀಪಿನವನು ಅಡ್ಡಾದಿಡ್ಡಿ ಓಡಿಸಿದರೆ ಜೀಪಿನವರೆಲ್ಲ ಸೇರಿ ತಲೆ ತಗ್ಗಿಸುತ್ತಾರಾ? ಹೆಸರಿನ ಚಿಂತೆಗೆ ಹಿರಿಯರನ್ನು ಎದುರು ಹಾಕಿಕೊಳ್ಳುವಷ್ಟು ಉತ್ಸಾಹ ನನಗಿಲ್ಲ. ಹುಡುಗನ ಮುಖ ನೋಡಿದ ಮೇಲೆ ಮಾತ್ರ ಸುಮ್ನೆ ಇರಲಿಕ್ಕೆ ಆಗಲಿಲ್ಲ.

ಹುಡುಗನನ್ನು ಸೈಕಲ್‌ಗಳ ಹತ್ತಿರ ನಿಲ್ಲಲು ಕಳಿಸಿದೆ. ಆಮೇಲೆ ನಡೆದದ್ದನ್ನು ಇದ್ದ ಹಾಗೆ ಹೇಳಿದೆ. ಪಿಕಪ್, ಹಾರ್ನ್, ಹುಡುಗ ಗೆರೆ ದಾಟಿದ ಜಾಗ. ಕೊನೆಗೆ, "ಅವನು ನೀವು ಹೋದ ದಾರಿಯಲ್ಲೇ ಬಂದದ್ದು" ಅಂದೆ.

ಸುಬೇದಾರರು ಲೋಟ ಕೆಳಗಿಟ್ಟರು. "ಈ ರಸ್ತೆ ನಂಗೆ ನೀನು ಹುಟ್ಟೋ ಮೊದಲಿಂದ ಗೊತ್ತು."

"ನಿಮಗೆ ಗೊತ್ತು ಸಾರ್. ಎದುರಿಂದ ಬರುವ ಗಾಡಿಗೆ ನಿಮ್ಮ ಗುರುತಿಲ್ಲವಲ್ಲ."

"ಲಾರಿಯವ್ರು ಮಾಡೋದಿಲ್ವಾ? ಟೂರಿಸ್ಟ್ ಕಾರಿನವ್ರು? ಅವ್ರಿಗೆ ಹೇಳಿದ್ದೀಯಾ ನೀನು ಯಾವತ್ತಾದ್ರೂ?"

ಇದು ಒಳ್ಳೇ ಪ್ರಶ್ನೆ. ನಿಯಮ ಮುರಿಯುವ ಲಾರಿಗೆ ನಾನು ಕೈ ಅಡ್ಡ ಹಿಡಿದವನಲ್ಲ, ಹಿಡಿಯುವುದೂ ಇಲ್ಲ. ಆದರೆ ಲಾರಿಗೆ ನಂಬರ್ ಪ್ಲೇಟ್ ಇದೆ, ಓಡಿಸುವವನಿಗೆ ಲೈಸೆನ್ಸ್ ಇದೆ, ತಪ್ಪಿದರೆ ದಂಡ ಇದೆ. ಸೈಕಲ್‌ಗೆ ನಂಬರ್ ಪ್ಲೇಟೂ ಇಲ್ಲ, ಲೈಸೆನ್ಸೂ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಲೆಕ್ಕದಲ್ಲಿ ಸೈಕಲ್ ಮೋಟಾರು ವಾಹನವೇ ಅಲ್ಲ. ಹೆಲ್ಮೆಟ್ ಹಾಕು ಅಂತ ಕೂಡ ಅದು ನಮಗೆ ಹೇಳುವುದಿಲ್ಲ. ಘಟ್ಟದ ತಿರುವಿನಲ್ಲಿ ಸೈಕಲ್‌ನವನಿಗೆ ಹೇಳುವವರು ಇದ್ದರೆ ಅದು ಪಕ್ಕದ ಸೈಕಲ್‌ನವನೇ. ಈ ಮಾತನ್ನು ಅವರಿಗೆ ಹೇಳಿದೆ, ಇಷ್ಟು ಚೆನ್ನಾಗಿ ಅಲ್ಲ, ಸ್ವಲ್ಪ ತಡವರಿಸಿಕೊಂಡು.

ಇನ್ನೊಂದು ಮಾತೂ ಸೇರಿಸಿದೆ. ಕಿರಿದಾದ ಘಟ್ಟದ ರಸ್ತೆಯಲ್ಲಿ ಇಳಿಯುವವರು ಹತ್ತುವವರಿಗೆ ದಾರಿ ಬಿಡಬೇಕು ಅಂತ 1989ರ ರಸ್ತೆ ನಿಯಮದಲ್ಲೇ ಇತ್ತು. ಹಳೇ ಬಸ್ ಡ್ರೈವರ್‌ಗಳಿಗೆ ಅದು ಬಾಯಿಪಾಠ. ಭಾರ ಹೊತ್ತು ಹತ್ತುವ ಗಾಡಿ ನಿಂತರೆ ಮತ್ತೆ ಹೊರಡುವುದು ಕಷ್ಟ, ಹಿಂದಕ್ಕೆ ಜಾರುವ ಅಪಾಯ ಬೇರೆ. ಇಳಿಯುವವನಿಗೆ ನಿಲ್ಲುವುದೊಂದೇ ಕೆಲಸ. ಸೈನ್ಯದಲ್ಲಿ ಗುಡ್ಡಗಾಡಿನ ರಸ್ತೆ ನೋಡಿದವರಿಗೆ ಇದನ್ನು ನಾನು ಹೇಳಬೇಕಾ?

ಅದು ತಾಗಿತು ಅಂತ ಕಾಣುತ್ತದೆ. "ಬಿಲ್ ಕೊಡು" ಅಂತ ಎದ್ದುಬಿಟ್ಟರು. ಬಿಲ್ ಯಾವಾಗಲೂ ಅವರೇ ಕೊಡುವುದು.

ಹತ್ತುವಾಗ ಯಾರೂ ಮಾತಾಡಲಿಲ್ಲ. ಅದಕ್ಕೆ ಜಗಳವೇ ಬೇಕೆಂದಿಲ್ಲ, ಸಂಪಾಜೆ ಏರಿನಲ್ಲಿ ಉಸಿರೇ ಸಾಲುವುದಿಲ್ಲ. ದೇವರಕೊಲ್ಲಿ ದಾಟಿದ ಮೇಲೆ ಎದುರಿನಿಂದ ಒಬ್ಬ ಅಪರಿಚಿತ ಇಳಿದು ಬಂದ. ದುಬಾರಿ ಸೈಕಲ್, ಎರಡೂ ಕಿವಿಯಲ್ಲಿ ಇಯರ್‌ಫೋನ್. ಅವನೂ ತಿರುವು ಕತ್ತರಿಸಿಕೊಂಡು ನಮ್ಮ ಬದಿಗೇ ಬಂದ. ಬೆಳಗಿನ ಸಿಟ್ಟು ಉಳಿದಿತ್ತೋ ಏನೋ, ಬ್ಯಾಂಕಿನವರು ಗಟ್ಟಿಯಾಗಿ ಬೊಬ್ಬೆ ಹೊಡೆದರು. ಅವನಿಗೆ ಏನು ಕೇಳಿಸಿತೋ, ತಲೆ ತಿರುಗಿಸಿ ಹಿಂದೆ ನೋಡಿದ. ನೋಡಿದ ಕಡೆಗೇ ಹ್ಯಾಂಡಲ್ಲೂ ಹೋಯಿತು. ಸೈಕಲ್ ಓಲಾಡಿ ರಸ್ತೆ ಅಂಚಿನ ಜಲ್ಲಿಯ ತನಕ ಹೋಗಿ ವಾಪಸ್ ಬಂತು.

"ಕಂಡ್ರಾ?" ಅಂದರು ಸುಬೇದಾರರು. ಏರಿನಲ್ಲಿ ಅವರ ಬಾಯಿಂದ ಬಂದದ್ದು ಅದೊಂದೇ ಮಾತು.

ನಾನೂ ಕಂಡೆ. ಓಡುವ ಸೈಕಲ್‌ಗೆ ಬುದ್ಧಿ ಹೇಳಬಾರದು. ಅಪರಿಚಿತರಿಗಂತೂ ಇಳಿಜಾರಿನಲ್ಲಿ ಏನೂ ಹೇಳಬಾರದು. ನಮ್ಮ ಮಾತಿನಿಂದ ಅವನಿಗೆ ಬುದ್ಧಿ ಬರುವುದಿಲ್ಲ, ಗಮನ ಮಾತ್ರ ತಪ್ಪುತ್ತದೆ. ಅವನೇ ಮುಂದೆ ಚಹಾದ ಅಂಗಡಿಯಲ್ಲಿ ಸಿಕ್ಕಿದರೆ ಆಗ ಹೇಳಬಹುದು. ಆಗಲೂ "ನಿಯಮ" ಅಂತ ಶುರು ಮಾಡಿದರೆ ಮುಗೀತು, ಎದುರಿನವರು ತಕ್ಷಣ ವಕೀಲರಾಗುತ್ತಾರೆ. "ಈಗ ಕುಯ್ಲಿನ ಸಮಯ, ಆ ತಿರುವಿನಲ್ಲಿ ಪಿಕಪ್ ಬರ್ತವೆ" ಅಂದರೆ ಕೇಳಿಸಿಕೊಳ್ಳುತ್ತಾರೆ. ಹೊರಗಿನಿಂದ ಬಂದವರಿಗೆ ಕುಯ್ಲು ಯಾವಾಗ, ಪಿಕಪ್ ಎಲ್ಲಿಂದ ಬರುತ್ತದೆ ಅಂತ ಗೊತ್ತಿರುವುದಿಲ್ಲ, ಅಲ್ವಾ? ಗುಂಪಿನವರ ವಿಷಯ ಬೇರೆ. ಅವರು ನಮಗೆ ವಾರ ವಾರ ಸಿಗುತ್ತಾರೆ. ಅವರಿಗೆ ಹೇಳದೆ ಇದ್ದರೆ ಅದು ಮರ್ಯಾದೆ ಅಲ್ಲ, ಸೋಮಾರಿತನ.

ಕೊಡಗಿನಂಥ ಸಣ್ಣ ಜಾಗದಲ್ಲಿ ಇದಕ್ಕೆ ಇನ್ನೊಂದು ತೊಡಕಿದೆ. ಭಾನುವಾರ ಸಂಪಾಜೆಯಲ್ಲಿ ಆಡಿದ ಮಾತು ಬುಧವಾರದ ಮದುವೆಮನೆಗೆ ಬಂದಿರುತ್ತದೆ. ನಾನು ಸುಬೇದಾರರಿಗೆ ಬುದ್ಧಿ ಹೇಳಿದೆ ಅನ್ನುವುದು ಅವರ ತಂಗಿಯ ಮಗನ ಬಾಯಿಂದಲೇ ನನ್ನ ಅಂಗಡಿಗೆ ಬಂತು, ಆ್ಯಂಟಾಸಿಡ್ ಜೊತೆಗೆ. "ದೊಡ್ಡವರಿಗೆ ಹಾಗೆಲ್ಲ ಹೇಳ್ತಾರಾ?" ಅಂದ. ಹುಡುಗನ ತಾಯಿಯೂ ಬಂದರು. ಅವರು ಏನೂ ಕೇಳಲಿಲ್ಲ. ಮಗನ ಸೈಕಲ್‌ಗೆ ಬ್ರೇಕ್ ರಬ್ಬರ್ ಎಲ್ಲಿ ಸಿಗುತ್ತದೆ ಅಂತ ಮಾತ್ರ ವಿಚಾರಿಸಿಕೊಂಡು ಹೋದರು.

ಮುಂದಿನ ಭಾನುವಾರ ಸುಬೇದಾರರು ಬರಲಿಲ್ಲ. ಅದರ ಮುಂದಿನ ವಾರ ಬಂದರು. "ಮಂಡಿ ನೋವು, ನಾನು ಹಿಂದೆ ಬರ್ತೇನೆ" ಅಂದರು. ಮಂಡಿ ನೋವಿದ್ದವರು ಏರಿನಲ್ಲಿ ನಮ್ಮನ್ನೆಲ್ಲ ದಾಟಿ ಹೋದದ್ದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಇಳಿಯುವಾಗ ಮಾತ್ರ ಅವರು ಹಿಂದೆ, ಹುಡುಗ ನನ್ನ ಹಿಂದೆ. ಹಿಂದೆ ಬರುವವರಿಗೆ ಎಲ್ಲರ ತಪ್ಪೂ ಕಾಣುತ್ತದೆ. ರೈಟರ್ ಬ್ಯಾಂಕಿನವರ ಜೊತೆ ಪಕ್ಕ ಪಕ್ಕ ಹೋಗುತ್ತಾರೆ, ಹೋಂಸ್ಟೇಯವರ ಹಿಂದಿನ ಕೆಂಪು ದೀಪದ ಬ್ಯಾಟರಿ ಮುಗಿದಿದೆ, ರೈಟರ್ ಹೊಸ ಸೈಕಲ್‌ನ ರಿಫ್ಲೆಕ್ಟರ್‌ಗಳನ್ನು ಚಂದ ಕಾಣುವುದಿಲ್ಲ ಅಂತ ಕಿತ್ತಿಟ್ಟಿದ್ದಾರೆ. ಸಂಪಾಜೆಯಲ್ಲಿ ದೋಸೆ ಬರುವಷ್ಟರಲ್ಲಿ ಎಲ್ಲರಿಗೂ ಅವರವರ ಪಾಲು ಸಿಕ್ಕಿತು. ತಿರುವಿನ ವಿಷಯ ಮಾತ್ರ ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಈಗ ಉಳಿದಿರುವುದು ಪೇಟೆಯ ಒನ್‌ವೇ. ಮಡಿಕೇರಿಗೆ ವಾಪಸ್ ಬಂದ ಮೇಲೆ ಸುಬೇದಾರರು ಮನೆಗೆ ಸುತ್ತು ಹೊಡೆಯದೆ ಒನ್‌ವೇಯಲ್ಲಿ ಎದುರು ದಿಕ್ಕಿಗೆ ಹೋಗುತ್ತಾರೆ. ಸೈಕಲ್ ತಳ್ಳಿಕೊಂಡು ಹೋಗುವವನು ನಡೆಯುವವನ ಲೆಕ್ಕ ಅಂತ ಅವರ ವಾದ. ಅದು ಸರಿ. ಆದರೆ ಅವರು ಒಂದು ಕಾಲನ್ನು ಪೆಡಲ್ ಮೇಲಿಟ್ಟು ಜಾರಿಕೊಂಡು ಹೋಗುತ್ತಾರೆ. ಅದು ತಳ್ಳುವುದೋ, ಓಡಿಸುವುದೋ? ರೈಟರ್ ಅವರ ಪಕ್ಷ. ನಾನೂ ಬ್ಯಾಂಕಿನವರೂ ಈ ಕಡೆ. ಹುಡುಗನನ್ನು ಕೇಳಿದರೆ ಪರೀಕ್ಷೆ ಇದೆ ಅಂತ ಬೇಗ ಮನೆಗೆ ಹೊರಡುತ್ತಾನೆ, ಸುತ್ತು ದಾರಿಯಲ್ಲಿ.